ಒಕ್ಕಲು ಮನೆಯ ಹೆಂಗಸರ ಹೃದಯವೂ ನೆನಪಿನ ಶಕ್ತಿಯೂ

ವ್ಯವಸಾಯಕ್ಕೆ ಬೇಕಾದ ಬಂಡವಾಳವು ಯಾವುದೆಂದು ಕೇಳಿದರೆ, ಭೂಮಿ, ನೀರು, ಬೀಜ, ಗೊಬ್ಬರ, ದನಕರು, ಆಳುಕಾಳು ಎಂದು ಸಾಮಾನ್ಯವಾಗಿ ಎಲ್ಲರೂ ಉತ್ತರ ಕೊಡುವರು. ಇವುಗಳಲ್ಲಿ ಯಾವುದಕ್ಕೆ ಕುಂದು ಬಂದರೂ ಬೆಳೆಯಲ್ಲಿ ನಷ್ಟವುಂಟಾಗುವುದೆಂಬುದು ಅನುಭವಸಿದ್ಧವಾದ ಸಂಗತಿ. ಆದುದರಿಂದ ಜಾಣನಾದ ಒಕ್ಕಲಿಗನು ಎತ್ತು ಮೇವು ಬಿಟ್ಟ ದಿನವೇ ಪಶುವೈದ್ಯರನ್ನು ಕರೆಸುತ್ತಾನೆ. ಪಂಪಿನ ಮೋಟಾರು ಮಿತಿಮೀರಿ ಬಿಸಿಯಾದರೆ ಆ ಕ್ಷಣವೇ ನಿಲ್ಲಿಸುತ್ತಾನೆ. ಆದರೆ ಅದೇ ಮನೆಯ ಹೆಂಗಸು, ಎದೆ ಡವಗುಟ್ಟುತ್ತದೆ, ತಲೆ ಸುತ್ತುತ್ತದೆ, ಇಟ್ಟ ವಸ್ತು ಎಲ್ಲಿಟ್ಟೆನೆಂಬುದು ನೆನಪಿಗೆ ಬರುವುದಿಲ್ಲ ಎಂದು ಹೇಳಿದರೆ, ಆ ಮಾತು ಮೊದಲು ಕಳೆ ಕೀಳುವ ಕೆಲಸ ತೀರುವವರೆಗೂ, ಅನಂತರ ಸುಗ್ಗಿ ಮುಗಿಯುವವರೆಗೂ, ಅನಂತರ ಮದುವೆಮುಂಜಿಗಳ ಕಾಲ ಕಳೆಯುವವರೆಗೂ ಮುಂದಕ್ಕೆ ಹೋಗುತ್ತದೆ. ಇದನ್ನು ದಯೆಯ ಅಭಾವವೆನ್ನುವುದಕ್ಕಿಂತ ಲೆಕ್ಕದ ತಪ್ಪೆನ್ನುವುದು ಯುಕ್ತ. ಹೆಂಗಸಿನ ಹೃದಯವೂ ಬುದ್ಧಿಯೂ ಒಕ್ಕಲುತನದ ಮೂಲಧನದಲ್ಲಿ ಸೇರಿದುವೆಂಬುದನ್ನು ಯಾವ ಗ್ರಾಮದ ಲೆಕ್ಕದಲ್ಲಿಯೂ ಬರೆದುಕೊಂಡಿರುವುದಿಲ್ಲ. ಸಾಲ, ದುಡಿಮೆ, ಆಸ್ತಿಯಿಲ್ಲದಿರುವಿಕೆ, ಒಂಟಿತನ ಇವುಗಳ ಒತ್ತಡದಿಂದ ಆ ಮೂಲಧನವು ಸವೆಯುತ್ತಿದೆ. ಈ ಸವೆತವನ್ನು ತಡೆಯುವ ಅಧಿಕಾರವು ವೈದ್ಯರಿಗಿಂತ ಹೆಚ್ಚಾಗಿ ಗ್ರಾಮದ ಯಜಮಾನರ ಮತ್ತು ಭೂಮಾಲೀಕರ ಕೈಯಲ್ಲಿದೆ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ದುಡಿಮೆಯ ಭಾರವನ್ನು ನೋಡಬೇಕು. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಸುಮಾರು ೬೫ ಮಂದಿ ಸಾಗುವಳಿಯಲ್ಲಿಯೋ ಕೃಷಿ ಕೂಲಿಯಲ್ಲಿಯೋ ಇದ್ದರು. ಆದರೆ ೨೦೧೫-೧೬ರ ಕೃಷಿಗಣತಿಯಲ್ಲಿ ಹಿಡುವಳಿದಾರರೆಂದು ಲೆಕ್ಕಕ್ಕೆ ಬಂದ ಹೆಂಗಸರು ನೂರಕ್ಕೆ ಸುಮಾರು ೧೪ ಮಾತ್ರ. ಹೊಲದ ಕೆಲಸವು ಒಂದು ಕಡೆಯಾದರೆ ಮನೆಯ ಕೆಲಸವು ಇನ್ನೊಂದು ಕಡೆ. ೨೦೨೪ರಲ್ಲಿ ಕೇಂದ್ರ ಸರ್ಕಾರದವರು ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ೨೮೯ ನಿಮಿಷಗಳನ್ನೂ, ಅಂತಹ ಕೆಲಸದಲ್ಲಿ ಕೈಹಾಕುವ ಗಂಡಸರು ೮೮ ನಿಮಿಷಗಳನ್ನೂ ಕಳೆಯುವರೆಂದು ಕಂಡುಬಂದಿತು. ನಾಟಿ, ಕಳೆ, ಕೊಯ್ಲು, ತೂರುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಇವೆಲ್ಲಾ ಬಹುಮಟ್ಟಿಗೆ ಹೆಂಗಸರ ಕೈಯಿಂದಲೇ ನಡೆಯತಕ್ಕ ಕೆಲಸಗಳು. ಇದಕ್ಕೆ ಮುಂಚೆ ಕೊಟ್ಟಿಗೆ, ನೀರು, ಒಲೆ. ಇದಾದ ಮೇಲೆ ಹಾಲು, ಅಡಿಗೆ, ಮಕ್ಕಳು, ಮುದುಕರು. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಒಂದು ವಾರದ ಕಾಲ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದುದರಿಂದ, ನಿದ್ರೆಯೆಂಬುದೇ ಅರೆಬರೆಯಾಗುತ್ತದೆ. ಆಯಾಸವನ್ನೂ ಹಸಿವನ್ನೂ ಮರೆಯುವುದಕ್ಕಾಗಿ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಹಾಕಿಕೊಳ್ಳುವ ಅಭ್ಯಾಸವು ಇದೇ ಹಾದಿಯಲ್ಲಿ ಬಂದು ಸೇರುತ್ತದೆ. ಅದೂ ಹೃದಯಕ್ಕೆ ಶತ್ರುವೇ.

ದುಡಿಮೆಯೊಂದರಿಂದಲೇ ರೋಗವು ಬರುವುದಿಲ್ಲ. ದುಡಿದು ವಿಶ್ರಾಂತಿ ಪಡೆದು ಪುನಃ ದುಡಿಯುವ ಶರೀರವು ಗಟ್ಟಿಯಾಗಿಯೇ ಇರುತ್ತದೆ. ಕೇಡಿಗೆ ಕಾರಣವಾಗುವುದು ಬಿಡುವಿಲ್ಲದ ಚಿಂತೆ. ಇದನ್ನು ಕೆರೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಎಷ್ಟು ಮಳೆ ಬಂದರೂ ಕೋಡಿ ಚೆನ್ನಾಗಿದ್ದರೆ ಏರಿಗೆ ಅಪಾಯವಿಲ್ಲ. ಕೋಡಿ ಮುಚ್ಚಿದ ಕೆರೆಗೆ ಸಾಧಾರಣ ಮಳೆಯೂ ಗಂಡಾಂತರವನ್ನು ತರುತ್ತದೆ. ಮನುಷ್ಯನಿಗೆ ಭಯವಾಗಲಿ ಕಳವಳವಾಗಲಿ ಉಂಟಾದಾಗ ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಇಳಿಯುತ್ತವೆ. ಆಗ ಹೃದಯವು ಬೇಗಬೇಗನೆ ಬಡಿಯುತ್ತದೆ, ರಕ್ತದ ಒತ್ತಡವು ಏರುತ್ತದೆ, ರಕ್ತದಲ್ಲಿ ಸಕ್ಕರೆಯು ಹೆಚ್ಚುತ್ತದೆ. ಹಾವನ್ನು ಕಂಡು ಓಡುವವನಿಗೆ ಇದು ಉಪಕಾರಿ. ಆದರೆ ಸಾಲದ ಕಂತಿನ ಭಯವು ಹಾವಿನಂತೆ ಪೊದೆಗೆ ಸರಿದುಹೋಗುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಈ ರಸಗಳು ಇಳಿಯುತ್ತಲೇ ಇದ್ದರೆ ರಕ್ತನಾಳಗಳ ಒಳಗೋಡೆಯು ಗಡುಸಾಗಿ, ಹೂಳು ತುಂಬಿದ ಕಾಲುವೆಯಂತೆ ಇಕ್ಕಟ್ಟಾಗುತ್ತದೆ, ನಿದ್ರೆ ಕೆಡುತ್ತದೆ, ನಿದ್ರೆ ಕೆಟ್ಟಿತೆಂದರೆ ಒತ್ತಡವು ಮತ್ತಷ್ಟು ಏರುತ್ತದೆ.

ಇದು ಊಹೆಯ ಮಾತಲ್ಲ. ಭಾರತವೂ ಸೇರಿದಂತೆ ೫೨ ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಸಂಶೋಧನೆಯಲ್ಲಿ, ಮೊದಲ ಸಲ ಹೃದಯಾಘಾತಕ್ಕೆ ಒಳಗಾದ ಸುಮಾರು ೧೧ ಸಾವಿರ ಮಂದಿಯನ್ನು ಅಂತಹ ಆಘಾತಕ್ಕೆ ಒಳಗಾಗದವರೊಡನೆ ಹೋಲಿಸಿ, ಕೆಲಸದ ಒತ್ತಡ, ಮನೆಯ ಒತ್ತಡ, ಹಣದ ಮುಗ್ಗಟ್ಟು, ದುಃಖದ ಘಟನೆಗಳು ಇವುಗಳನ್ನು ಕುರಿತು ವಿಚಾರಿಸಲಾಯಿತು. ಸದಾಕಾಲವೂ ಒತ್ತಡದಲ್ಲಿದ್ದೆವೆಂದು ಹೇಳಿದವರಲ್ಲಿ ಹೃದಯಾಘಾತದ ಸಂಭವವು ಉಳಿದವರಿಗಿಂತ ಸುಮಾರು ಎರಡರಷ್ಟಿದ್ದಿತು. ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಈ ಸಂಬಂಧವು ಕಂಡುಬಂದಿತು. ಅತಿಯಾದ ದುಃಖದಿಂದ ಹೃದಯದ ಸ್ನಾಯುವು ತಟಕ್ಕನೆ ದುರ್ಬಲವಾಗುವ ಒಂದು ರೋಗವನ್ನು ಜಪಾನಿನ ವೈದ್ಯರು ೧೯೯೦ರಲ್ಲಿ ವರ್ಣಿಸಿ ಟಾಕೋಟ್ಸುಬೊ ಎಂದು ಹೆಸರಿಟ್ಟರು. ಅದಕ್ಕೆ ತುತ್ತಾಗುವವರಲ್ಲಿ ನೂರಕ್ಕೆ ಸುಮಾರು ೯೦ ಮಂದಿ ಹೆಂಗಸರು, ಅವರಲ್ಲಿಯೂ ಬಹುಪಾಲು ಮುಟ್ಟು ನಿಂತವರು. ದುಃಖಕ್ಕೆ ಎದೆಯೊಡೆಯಿತೆಂದು ಹಳ್ಳಿಯ ಮುದುಕಿಯರು ಹೇಳುತ್ತಿದ್ದ ಮಾತು ಬರಿಯ ಅಲಂಕಾರವಾಗಿರಲಿಲ್ಲ.

ಹೆಂಗಸರಲ್ಲಿ ಹೃದಯದ ರೋಗವು ಗುರುತಿಗೆ ಸಿಕ್ಕದೆ ಹೋಗುವುದಕ್ಕೆ ವಿಶೇಷ ಕಾರಣಗಳಿವೆ. ಮುಟ್ಟು ನಿಂತ ಮೇಲೆ ಅಪಾಯವು ಏರುತ್ತದೆ. ಬಸುರಿನಲ್ಲಿ ರಕ್ತದೊತ್ತಡ ಹೆಚ್ಚಿದ್ದವರಿಗೆ ಹೆರಿಗೆಯಾಗಿ ಹಲವು ವರ್ಷಗಳ ಮೇಲೂ ಹೃದಯರೋಗದ ಸಂಭವವು ಇತರರಿಗಿಂತ ಅಧಿಕ; ಆದರೂ ಬಾಣಂತನ ಮುಗಿದೊಡನೆ ಆ ಸಂಗತಿಯನ್ನು ಎಲ್ಲರೂ ಮರೆಯುವರು. ರಕ್ತಹೀನತೆಯಿದ್ದರೆ ಅಷ್ಟೇ ಕೆಲಸಕ್ಕೆ ಹೃದಯವು ಹೆಚ್ಚು ಸಲ ಬಡಿಯಬೇಕಾಗುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನರು. ಸೌದೆಯ ಒಲೆಯ ಹೊಗೆಯು ಶ್ವಾಸಕೋಶಕ್ಕೆ ಮಾತ್ರವೇ ಕೇಡೆಂದು ಅನೇಕರು ತಿಳಿದಿರುವರು. ಅದು ರಕ್ತನಾಳಗಳನ್ನೂ ಕೆಡಿಸುತ್ತದೆ. ಹೃದಯಾಘಾತವಾದಾಗ ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣವಾದರೂ, ಅದರೊಡನೆ ಅಥವಾ ಅದರ ಬದಲು ಮಿತಿಮೀರಿದ ಸುಸ್ತು, ಏದುಸಿರು, ಬೆನ್ನು ದವಡೆಗಳಲ್ಲಿ ನೋವು, ಓಕರಿಕೆ, ತಣ್ಣನೆಯ ಬೆವರು ಕಾಣಿಸಿಕೊಳ್ಳುವುದು ಗಂಡಸರಿಗಿಂತ ಹೆಚ್ಚು. ಇವುಗಳನ್ನು ವಾಯುವೆಂದೋ ಪಿತ್ತವೆಂದೋ ತಿಳಿದು ಓಮದ ಕಷಾಯ ಕೊಟ್ಟು ಮಲಗಿಸುವಷ್ಟರಲ್ಲಿ, ಚಿಕಿತ್ಸೆಗೆ ಅತ್ಯಮೂಲ್ಯವಾದ ಮೊದಲಿನ ಕೆಲವು ಗಂಟೆಗಳು ಕಳೆದುಹೋಗುತ್ತವೆ.

ಇನ್ನು ಬುದ್ಧಿ ಮತ್ತು ನೆನಪಿನ ವಿಚಾರ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ಬಹಳ ಕೇಡನ್ನು ಮಾಡಿದೆ. ಏತಕ್ಕೆಂದರೆ, ರೋಗವನ್ನು ವಯಸ್ಸಿನ ಸಹಜಧರ್ಮವೆಂದು ಎಣಿಸುವಂತೆ ಜನರನ್ನು ಅದು ಒಗ್ಗಿಸಿದೆ. ೨೦೨೩ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಭಾರತದಲ್ಲಿ ೬೦ ವರ್ಷ ದಾಟಿದವರಲ್ಲಿ ನೂರಕ್ಕೆ ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನರಿಗೆ, ಮರೆಗುಳಿ ರೋಗವಿರುತ್ತದೆ. ಗಂಡಸರಲ್ಲಿ ಇದು ನೂರಕ್ಕೆ ೫.೮, ಹೆಂಗಸರಲ್ಲಿ ೯, ಪಟ್ಟಣಗಳಲ್ಲಿ ೫.೩, ಹಳ್ಳಿಗಳಲ್ಲಿ ೮.೪. ಹಳ್ಳಿಯ ಹೆಂಗಸರು ಈ ಎರಡು ಲೆಕ್ಕಗಳಲ್ಲಿಯೂ ನಷ್ಟದ ಕಡೆಗೇ ಸೇರಿದವರೆಂಬುದನ್ನು ಓದುಗರು ಗಮನಿಸಬೇಕು. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯವರು ನೇಮಿಸಿದ ತಜ್ಞರ ಮಂಡಲಿಯು ೨೦೨೪ರಲ್ಲಿ ಈ ರೋಗಕ್ಕೆ ದಾರಿಮಾಡುವ ೧೪ ಕಾರಣಗಳನ್ನು ಹೆಸರಿಸಿ, ಅವುಗಳನ್ನು ನಿವಾರಿಸಿದರೆ ನೂರಕ್ಕೆ ಸುಮಾರು ೪೫ರಷ್ಟನ್ನು ತಡೆಯುವುದಕ್ಕೋ ಮುಂದೂಡುವುದಕ್ಕೋ ಸಾಧ್ಯವೆಂದು ಹೇಳಿತು. ವಿದ್ಯೆಯ ಕೊರತೆ, ರಕ್ತದೊತ್ತಡ, ಸಕ್ಕರೆ ರೋಗ, ಮನಸ್ಸಿನ ಖಿನ್ನತೆ, ಜನಸಂಪರ್ಕವಿಲ್ಲದ ಒಂಟಿತನ, ಗಾಳಿಯಲ್ಲಿನ ಹೊಗೆಧೂಳು, ಚಿಕಿತ್ಸೆಯಿಲ್ಲದೆ ಕಣ್ಣು ಕಿವಿಗಳು ಮಂದವಾಗುವುದು ಇವು ಆ ಪಟ್ಟಿಯಲ್ಲಿವೆ. ಹೃದಯವನ್ನು ಕೆಡಿಸುವ ರಕ್ತದೊತ್ತಡವೇ ಮಿದುಳಿನ ಸೂಕ್ಷ್ಮ ನಾಳಗಳನ್ನೂ ಮುಚ್ಚುವುದರಿಂದ, ಎದೆಗೆ ಮಾಡಿದ ಉಪಚಾರವು ತಲೆಗೂ ಸಲ್ಲುತ್ತದೆ.

ಮುಪ್ಪಿನವರೆಗೂ ಕಾಯದೆ ಇಂದೇ ಬುದ್ಧಿಯನ್ನು ಮಂಕುಗೊಳಿಸುವ ಇನ್ನೊಂದು ದಾರಿಯೂ ಉಂಟು. ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳಲ್ಲಿ ೪೬೪ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಂದು ಸಲ, ಕಟಾವಿನ ಹಣ ಕೈಸೇರಿದ ಮೇಲೆ ಇನ್ನೊಂದು ಸಲ ಪರೀಕ್ಷಿಸಿದರು; ಇದರ ಫಲಿತಾಂಶವು ೨೦೧೩ರಲ್ಲಿ ಪ್ರಕಟವಾಯಿತು. ಕಟಾವಿಗೆ ಮುಂಚೆ ಒಡವೆಗಳು ಅಡವಿನಲ್ಲಿದ್ದು ಸಾಲವು ಮೇಲಿದ್ದಾಗ, ಅದೇ ಮನುಷ್ಯನ ಯೋಚನಾಶಕ್ತಿಯೂ ಏಕಾಗ್ರತೆಯೂ ಕಡಿಮೆಯಾಗಿದ್ದು, ಹಣ ಬಂದ ಮೇಲೆ ಹೆಚ್ಚಿದುವು. ಹಣದ ಚಿಂತೆಯು ಮನಸ್ಸಿನ ಜಾಗವನ್ನೆಲ್ಲಾ ಆಕ್ರಮಿಸಿ, ಬೇರೆ ವಿಚಾರಕ್ಕೆ ಎಡೆಯಿಲ್ಲದಂತೆ ಮಾಡುತ್ತದೆಂದು ಪರೀಕ್ಷಕರು ನಿರ್ಧರಿಸಿದರು. ಗಂಡಸು ಹೆಂಗಸು ಎಂಬ ಭೇದವನ್ನು ಅಳೆಯುವುದಕ್ಕಾಗಿ ನಡೆದ ಪರೀಕ್ಷೆ ಇದಲ್ಲ. ಆದರೆ ಒಕ್ಕಲು ಮನೆಯಲ್ಲಿ ಅಕ್ಕಿಬೇಳೆಯ ಲೆಕ್ಕ, ಮಕ್ಕಳ ಶಾಲೆಯ ಲೆಕ್ಕ, ಸಂಘದ ಕಂತಿನ ಲೆಕ್ಕ ಇವೆಲ್ಲವೂ ಯಾರ ತಲೆಯ ಮೇಲಿರುವುವೆಂಬುದನ್ನು ಯೋಚಿಸಿದರೆ, ಆ ಭಾರವು ಮೊದಲು ಯಾರನ್ನು ಬಾಗಿಸುವುದೆಂಬುದು ತಾನಾಗಿ ತಿಳಿಯುವುದು.

ಇಲ್ಲಿ ಸಾಲದ ಮಾತು ಬರುತ್ತದೆ. ಹಿಂದೆ ಸಾಹುಕಾರನ ಪತ್ರಕ್ಕೆ ಗಂಡಸು ಹೆಬ್ಬೆಟ್ಟು ಒತ್ತುತ್ತಿದ್ದನು; ಈಗ ಕಿರುಸಾಲಗಳು ಬಹುಪಾಲು ಹೆಂಗಸರ ಹೆಸರಿನಲ್ಲಿಯೇ ಹುಟ್ಟುತ್ತವೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿಗೆ ಸಹಕಾರ ಸಂಘದ ಬೆಳೆಸಾಲವು ಸಿಕ್ಕುವುದು ಕಷ್ಟ. ಆದುದರಿಂದ ಆಕೆ ಹೆಚ್ಚು ಬಡ್ಡಿಯ ಗುಂಪುಸಾಲಕ್ಕೆ ಕೈಯೊಡ್ಡುವಳು. ಹಣವು ಹೋಗುವುದು ಕೊಳವೆಬಾವಿಗೋ, ಮದುವೆಗೋ, ಗಂಡನ ಹಳೆಯ ಬಾಕಿಗೋ. ವಾರವಾರವೂ ಕಂತು ಕಟ್ಟುವ ಹೊಣೆ ಮಾತ್ರ ಆಕೆಯದು. ಒಬ್ಬಳು ತಪ್ಪಿದರೆ ಗುಂಪಿನ ಉಳಿದವರು ತುಂಬಬೇಕಾದುದರಿಂದ, ಸಾಲದ ಭಯಕ್ಕೆ ನೆರೆಹೊರೆಯವರ ಮುಂದಿನ ಅವಮಾನವೂ ಸೇರುತ್ತದೆ. ಕಷ್ಟಕಾಲದಲ್ಲಿ ಆಸರೆಯಾಗಬೇಕಾದ ಗೆಳತಿಯರೇ ಕಂತಿನ ದಿನ ಬಾಗಿಲಿಗೆ ಬಂದು ನಿಲ್ಲುವಂತಾದರೆ, ಕೆರೆಯ ಕೋಡಿಯು ಮುಚ್ಚಿಹೋದಂತೆಯೇ ಸರಿ. ವಸೂಲಿಯ ಕ್ರೌರ್ಯವು ಅತಿಯಾದುದರಿಂದ ಕರ್ನಾಟಕ ಸರ್ಕಾರದವರು ೨೦೨೫ರ ಫೆಬ್ರವರಿ ೧೨ರಂದು ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿದರು. ಅದೇ ವರ್ಷ ಅದು ವಿಧಾನಮಂಡಲದ ಅಂಗೀಕಾರವನ್ನೂ ಪಡೆಯಿತು. ೧೦ ವರ್ಷಗಳವರೆಗೆ ಸೆರೆವಾಸವನ್ನೂ ೫ ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಅದರಲ್ಲಿ ವಿಧಿಸಿದೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಬಾಗಿಲಲ್ಲಿ ನಿಂತು ಕೂಗುವವನಿಗೆ ಅದನ್ನು ನೆನಪು ಮಾಡಿಕೊಡುವ ಹಿರಿಯನೊಬ್ಬನು ಊರಿನಲ್ಲಿರಬೇಕು.

ಎಲ್ಲಕ್ಕಿಂತ ಕಠಿಣವಾದ ಸ್ಥಿತಿಯು ಯಜಮಾನನನ್ನು ಕಳೆದುಕೊಂಡವಳದು. ಜಮೀನು ಇನ್ನೂ ಮಾವನ ಹೆಸರಿನಲ್ಲಿಯೋ ಮುತ್ತಜ್ಜನ ಹೆಸರಿನಲ್ಲಿಯೋ ಇರುತ್ತದೆ. ಸಾಲವು ಮಾತ್ರ ಸತ್ತವನ ಮನೆಯಲ್ಲಿ ಬದುಕಿರುತ್ತದೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ವಿಧವೆಯು ಮೊದಲನೆಯ ವರ್ಗದ ವಾರಸುದಾರಳು. ಕರ್ನಾಟಕವು ೧೯೯೪ರಲ್ಲಿಯೇ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹಕ್ಕನ್ನು ಕೊಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿಯು ವಿವಾಹಿತೆ ಅವಿವಾಹಿತೆ ಎಂಬ ಭೇದವನ್ನೂ ತೆಗೆದುಹಾಕಿತು. ಹೀಗಿದ್ದರೂ ಪೌತಿ ಖಾತೆಯ ಅರ್ಜಿಯು ವಂಶವೃಕ್ಷದ ಒಂದು ಸಹಿಗಾಗಿ, ಒಬ್ಬ ಮೈದುನನ ಒಪ್ಪಿಗೆಗಾಗಿ ವರ್ಷಗಟ್ಟಲೆ ನಿಲ್ಲುವುದನ್ನು ಎಲ್ಲರೂ ಬಲ್ಲರು. ಖಾತೆಯಿಲ್ಲದೆ ಬೆಳೆಸಾಲವಿಲ್ಲ, ಬೆಳೆವಿಮೆಗೂ ಪರಿಹಾರಕ್ಕೂ ತೊಡಕು. ಅದರ ಮೇಲೆ, ಶುಭಕಾರ್ಯಗಳಿಗೆ ಕರೆಯದೆ ಆಕೆಯನ್ನು ಮೂಲೆಗೆ ಸೇರಿಸುವ ಪದ್ಧತಿಯು ಇನ್ನೂ ಕೆಲವು ಕಡೆ ಉಳಿದಿದೆ. ಕಾಗದದ ಅಭಾವ, ಹಣದ ಅಭಾವ, ಜನರ ಅಭಾವ ಇವು ಮೂರೂ ಒಟ್ಟಿಗೆ ಕೂಡಿದ ಮೇಲೆ ಎದೆಯೂ ನೆನಪೂ ನಿಲ್ಲುವುದಾದರೂ ಹೇಗೆ?

ಇದಕ್ಕೆ ಕೆಲವರು ಆಕ್ಷೇಪಣೆಗಳನ್ನು ಹೇಳುವರು. ಹಿಂದಿನ ಕಾಲದ ಹೆಂಗಸರು ಬೀಸಿ, ಕುಟ್ಟಿ, ನೀರು ಹೊತ್ತು ಗಟ್ಟಿಮುಟ್ಟಾಗಿದ್ದರೆಂಬುದು ಮೊದಲನೆಯದು. ಬದುಕುಳಿದವರನ್ನು ಮಾತ್ರ ನೋಡಿ ಹೇಳುವ ಮಾತಿದು. ಹೆರಿಗೆಯಲ್ಲಿಯೂ ಜ್ವರಗಳಲ್ಲಿಯೂ ಎಳೆಯ ವಯಸ್ಸಿಗೇ ತೀರಿಕೊಂಡವರು ಲೆಕ್ಕಕ್ಕೆ ಬರಲಿಲ್ಲ. ಹೆಂಗಸರ ಹೆಸರಿಗೆ ಜಮೀನು ಬಂದರೆ ಮನೆ ಒಡೆಯುವುದೆಂಬುದು ಎರಡನೆಯದು. ಮನೆಗಳು ಒಡೆಯುವುದು ಬಹುವಾಗಿ ಅಣ್ಣತಮ್ಮಂದಿರ ನಡುವೆ ಕಾಗದಪತ್ರಗಳು ಸರಿಯಿಲ್ಲದಿರುವುದರಿಂದ ಎಂಬುದನ್ನು ಪಂಚಾಯಿತಿಕಟ್ಟೆಯಲ್ಲಿ ಕುಳಿತವರೇ ಚೆನ್ನಾಗಿ ಬಲ್ಲರು. ಇದು ಆರೋಗ್ಯ ಇಲಾಖೆಯ ವಿಷಯ, ಕೃಷಿ ಇಲಾಖೆಯ ಪತ್ರಿಕೆಗೆ ಸಂಬಂಧಿಸಿದುದಲ್ಲ ಎಂಬುದು ಮೂರನೆಯದು. ನಾಟಿಯ ಕಾಲದಲ್ಲಿ ಆಳು ಸಿಕ್ಕದೆ ಪೇಚಾಡುವ ಭೂಮಾಲೀಕನಿಗೆ, ಐವತ್ತರ ವಯಸ್ಸಿನಲ್ಲಿ ಪಾರ್ಶ್ವವಾಯುವಾಗಿ ಮಲಗಿದ ಹೆಂಗಸಿನಿಂದ ಆಕೆಯ ಮನೆಗೂ ಊರಿನ ಬೇಸಾಯಕ್ಕೂ ಆಗುವ ನಷ್ಟವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದುದರಿಂದ ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ತಮ್ಮ ಕೈಯಲ್ಲಿಯೇ ಇರುವ ಈ ಕೆಳಗಣ ಕಾರ್ಯಗಳನ್ನು ಕೈಕೊಳ್ಳಬೇಕೆಂದು ಸೂಚಿಸಲಾಗಿದೆ.

೧. ಹೊಸದಾಗಿ ಕೊಳ್ಳುವ ಜಮೀನನ್ನು ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ನೋಂದಾಯಿಸತಕ್ಕದ್ದು. ಪಾಲುಪಾರೀಕತ್ತಿನ ಕಾಲದಲ್ಲಿ ಹೆಣ್ಣುಮಕ್ಕಳ ಭಾಗವನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರದಲ್ಲಿ ಕಾಣಿಸತಕ್ಕದ್ದು.

೨. ಊರಿನಲ್ಲಿ ಒಕ್ಕಲಿಗನೊಬ್ಬನು ತೀರಿಕೊಂಡರೆ, ಪೌತಿ ಖಾತೆಗೆ ಬೇಕಾದ ಮರಣಪತ್ರ, ವಂಶವೃಕ್ಷ, ಸಾಕ್ಷಿಗಳು ಇವುಗಳನ್ನು ಮೊದಲ ಕೆಲವು ತಿಂಗಳುಗಳಲ್ಲಿಯೇ ಒದಗಿಸಿಕೊಡುವ ಹೊಣೆಯನ್ನು ಹಿರಿಯರೊಬ್ಬರು ಹೊರತಕ್ಕದ್ದು. ವಿಧವೆಯು ನಾಡಕಚೇರಿಗೆ ಒಂಟಿಯಾಗಿ ಅಲೆಯುವಂತಾಗಬಾರದು.

೩. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿಯೆಂಬ ನಿಯಮವು ೧೯೭೬ರಲ್ಲಿಯೇ ಕಾನೂನಾಯಿತು. ಹೆಂಗಸರ ಕೂಲಿಯನ್ನು ಕಡಿಮೆ ಮಾಡದೆ, ಮುಂದಿನ ವಾರಕ್ಕೆ ತಳ್ಳದೆ, ಆಯಾ ದಿನವೋ ವಾರವೋ ಅವರ ಕೈಗೇ ಕೊಡತಕ್ಕದ್ದು. ಹೊಲದಲ್ಲಿ ಕುಡಿಯುವ ನೀರು, ನೆರಳು, ಮಧ್ಯಾಹ್ನದ ಬಿಡುವು ಇವುಗಳಿಗೆ ಖರ್ಚು ಅತ್ಯಲ್ಪ.

೪. ಸಾಲ ವಸೂಲಿಗೆ ಬರುವವರು ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವುದನ್ನೂ, ಹೊತ್ತು ಮುಳುಗಿದ ಮೇಲೆ ಬಾಗಿಲು ಬಡಿಯುವುದನ್ನೂ ಊರು ಸಹಿಸಬಾರದು. ಪೋಲೀಸು ಠಾಣೆಗೆ ದೂರು ಕೊಡುವಾಗ ಮುಖ್ಯಸ್ಥರು ಜೊತೆಯಲ್ಲಿ ಹೋಗತಕ್ಕದ್ದು. ಹೆಂಡತಿಯ ಹೆಸರಿನಲ್ಲಿ ತೆಗೆದ ಸಾಲವು ಮನೆಯ ಸಾಲವೆಂದು ಗಂಡನಿಗೆ ತಿಳಿಯಹೇಳತಕ್ಕದ್ದು.

೫. ೩೦ ವರ್ಷ ದಾಟಿದ ಪ್ರತಿಯೊಬ್ಬ ಹೆಂಗಸಿಗೂ ಬಿತ್ತನೆಗೆ ಮುಂಚೆ ಒಂದು ಸಲ, ಸುಗ್ಗಿಯಾದ ಮೇಲೆ ಒಂದು ಸಲ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡಿಸತಕ್ಕದ್ದು. ಆಸ್ಪತ್ರೆಗೆ ಹೋಗಲು ಬಿಡುವಿಲ್ಲವೆಂಬುದೇ ಹೆಂಗಸರ ಉತ್ತರವಾದುದರಿಂದ, ಅವರು ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ಡೈರಿಯ ಬಾಗಿಲಲ್ಲಿಯೇ ಆಶಾ ಕಾರ್ಯಕರ್ತೆಯರಿಂದಲೂ ದಾದಿಯರಿಂದಲೂ ಇದನ್ನು ನಡೆಸುವುದು ಉತ್ತಮ. ೧೪೦ಕ್ಕೆ ೯೦ ಅಥವಾ ಅದಕ್ಕಿಂತ ಮೇಲಿನ ಒತ್ತಡವು ಮತ್ತೆ ಮತ್ತೆ ಕಂಡುಬಂದರೆ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಶುರುಮಾಡಿದ ಮಾತ್ರೆಯನ್ನು ಹಗುರವಾಯಿತೆಂದು ತಾವಾಗಿ ಬಿಡಬಾರದು. ಹೃದಯಾಘಾತದ ಸಂಶಯ ಬಂದರೆ ೧೦೮ಕ್ಕೆ ಕೂಡಲೇ ಕರೆಮಾಡಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಂತೆ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸೂಜಿಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಮನಸ್ಸಿನ ಕಳವಳಕ್ಕೆ ೨೦೨೨ರಲ್ಲಿ ಸ್ಥಾಪಿತವಾದ ಟೆಲಿ ಮಾನಸ್ ಸೇವೆಯವರು ೧೪೪೧೬ ಸಂಖ್ಯೆಯಲ್ಲಿ ಸಲಹೆ ಕೊಡುವರು.

೬. ಮೇವು ಕತ್ತರಿಸುವ ಯಂತ್ರ, ಕಳೆ ತೆಗೆಯುವ ಉಪಕರಣ, ಮನೆಬಾಗಿಲಿಗೆ ನಲ್ಲಿ, ಹೊಗೆಯಿಲ್ಲದ ಒಲೆ ಅಥವಾ ಗ್ಯಾಸು ಇವುಗಳನ್ನು ಕೊಳ್ಳುವ ಸರದಿಯಲ್ಲಿ ಹಿಂದಕ್ಕೆ ಹಾಕಬಾರದು. ನೀರು ಹೊರುವುದೂ ಕೊಟ್ಟಿಗೆ ಗುಡಿಸುವುದೂ ಗಂಡಸಿನ ಗೌರವಕ್ಕೆ ಕುಂದೆಂಬ ಭಾವನೆಯನ್ನು ಮುಖ್ಯಸ್ಥರ ಮನೆಗಳಲ್ಲಿಯೇ ಮೊದಲು ಬಿಟ್ಟರೆ, ಉಳಿದವರು ಹಿಂಬಾಲಿಸುವರು.

೭. ಸ್ತ್ರೀಯರ ಸಂಘದ ಕೂಟವು ಕಂತು ಎಣಿಸುವುದರಲ್ಲಿಯೇ ಮುಗಿಯದೆ, ಓದುಬರಹಕ್ಕೂ ಕಷ್ಟಸುಖದ ಮಾತಿಗೂ ಭಜನೆಗೂ ಎಡೆಕೊಡುವಂತಿರಬೇಕು. ಊರಹಬ್ಬಕ್ಕೂ ಮದುವೆಗೂ ವಿಧವೆಯರನ್ನು ಇತರರಂತೆಯೇ ಕರೆದು ಕೂರಿಸತಕ್ಕದ್ದು. ವಯಸ್ಸಾದ ಹೆಂಗಸರ ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸುವುದೂ ನೆನಪನ್ನು ಉಳಿಸುವ ಉಪಾಯವೇ ಆಗಿರುತ್ತದೆ.

ಈ ಏಳರಲ್ಲಿ ಹೆಚ್ಚಿನವುಗಳಿಗೆ ಸರ್ಕಾರದ ಮಂಜೂರಾತಿಯೂ ಬೇಡ, ದೊಡ್ಡ ಹಣವೂ ಬೇಡ. ಊರಿನಲ್ಲಿ ಯಾರ ಮಾತು ನಡೆಯುವುದೋ ಅವರ ಮನಸ್ಸು ಬೇಕು. ಹಳೆಯ ಪಟೇಲಿಕೆಯು ಕಾನೂನಿನಿಂದ ರದ್ದಾಗಿದ್ದರೂ, ಹಿರಿಯರ ಮಾತಿಗೆ ಹಳ್ಳಿಯಲ್ಲಿ ಈಗಲೂ ತೂಕವಿದೆ. ಮುಂಗಾರಿಗೆ ಮುಂಚೆ ಕೆರೆಯ ಏರಿಯನ್ನೂ ಕೋಡಿಯನ್ನೂ ನೋಡಿಕೊಂಡು ಬರುವುದು ಯಜಮಾನರ ಧರ್ಮವಾಗಿತ್ತು. ಈ ವರ್ಷ ಬಿತ್ತನೆಗೆ ಮೊದಲು ಊರಿನಲ್ಲಿ ಎಷ್ಟು ಮಂದಿ ಹೆಂಗಸರ ರಕ್ತದೊತ್ತಡವನ್ನು ನೋಡಿಸಿದೆ, ಎಷ್ಟು ಪೌತಿ ಖಾತೆಗಳು ನಿಂತಿವೆ, ಎಷ್ಟು ಮನೆಗಳ ಬಾಗಿಲಿಗೆ ವಸೂಲಿಯವರು ಬರುತ್ತಿರುವರು ಎಂಬ ಮೂರು ಲೆಕ್ಕಗಳನ್ನು ಅದೇ ಧರ್ಮದಿಂದ ಬರೆದುಕೊಂಡರೆ, ಮಾಡಬೇಕಾದ ಕೆಲಸವು ಯಾವುದೆಂಬುದನ್ನು ಬೇರೊಬ್ಬರು ಹೇಳಬೇಕಾದ ಅಗತ್ಯವಿರುವುದಿಲ್ಲ.